ಗುಂಗುರು ಕೂದಲಿಗೆ ಬಾಯಾರಿಕೆ, ನಾವು ಹಾಕುವುದು ಇಸ್ತ್ರಿ!



ಮದುವೆ ಸೀಸನ್ ಹತ್ತಿರ ಬಂತೆಂದರೆ ನಮ್ಮ ಬಳಗದ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಮಗಳ ಕೂದಲು ತುಂಬಾ ಒರಟು, ಗುಂಗುರು ಬೇರೆ. ಕೆರಾಟಿನ್ ಮಾಡಿಸಬಹುದಾ? ಎಲ್ಲಿ ಕಡಿಮೆಗೆ ಆಗುತ್ತೆ?" ಕೆಳಗೆ ಹತ್ತು ಉತ್ತರಗಳು. ಒಬ್ಬರು ಪಾರ್ಲರಿನ ನಂಬರ್ ಕೊಡುತ್ತಾರೆ. ಇನ್ನೊಬ್ಬರು ಈರುಳ್ಳಿ ರಸ ಅನ್ನುತ್ತಾರೆ. ಮತ್ತೊಬ್ಬರು "ಎಣ್ಣೆ ಸಾಲದು, ಇನ್ನೂ ಹಚ್ಚಿ" ಅನ್ನುತ್ತಾರೆ. ಆ ಕೂದಲಿಗೆ ನಿಜವಾಗಿ ಏನು ಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಗುಂಗುರು ಕೂದಲು ಸರಿಪಡಿಸಬೇಕಾದ ದೋಷವಲ್ಲ. ಅದಕ್ಕೆ ಇರುವುದು ಬಾಯಾರಿಕೆ. ಅದಕ್ಕೆ ತೇವ ಕೊಟ್ಟು, ಆ ತೇವ ಹಾರಿಹೋಗದಂತೆ ಹಿಡಿದಿಡುವುದನ್ನು ಕಲಿತರೆ ಒರಟುತನ, ಸಿಕ್ಕು, ಕೆದರುವಿಕೆ ಬಹುಪಾಲು ಇಳಿಯುತ್ತದೆ. ಇದಕ್ಕೆ ಸಾವಿರಾರು ರೂಪಾಯಿ ಬೇಡ, ಪಾರ್ಲರಿನ ಹೊಗೆಯೂ ಬೇಡ.

*ಗುಂಗುರು ಕೂದಲು ಯಾಕೆ ಒಣಗುತ್ತದೆ?*

ನಮ್ಮ ನೆತ್ತಿಯ ಚರ್ಮದಲ್ಲಿ ಸ್ವಾಭಾವಿಕವಾಗಿ ಎಣ್ಣೆ ಉತ್ಪತ್ತಿಯಾಗುತ್ತದೆ. ನೇರ ಕೂದಲಿನಲ್ಲಿ ಅದು ಜಾರುತ್ತಾ ತುದಿಯವರೆಗೆ ಇಳಿಯುತ್ತದೆ. ಗುಂಗುರು ಕೂದಲಿನ ದಾರಿ ಘಾಟಿ ರಸ್ತೆಯಂತೆ ತಿರುವು ಮುರುವು. ಎಣ್ಣೆ ಮೊದಲ ತಿರುವುಗಳಲ್ಲೇ ನಿಂತುಬಿಡುತ್ತದೆ. ಹಾಗಾಗಿ ಬುಡ ಜಿಡ್ಡು, ತುದಿ ಒಣ ಹುಲ್ಲು. ಎರಡೂ ಒಂದೇ ತಲೆಯಲ್ಲಿ!

ಇನ್ನೊಂದು ಕಾರಣವೂ ಇದೆ. ಪ್ರತಿ ಕೂದಲಿನ ಮೇಲೆ ಹೆಂಚು ಹೊದಿಸಿದಂತೆ ಸಣ್ಣ ಸಣ್ಣ ಪದರಗಳಿರುತ್ತವೆ. ಕೂದಲು ಬಾಗಿದ ಕಡೆ ಈ ಹೆಂಚುಗಳು ಸುಲಭವಾಗಿ ಮೇಲೇಳುತ್ತವೆ. ಒಳಗಿನ ತೇವ ಅಲ್ಲಿಂದ ಹೊರಗೆ ಹೋಗುತ್ತದೆ, ಕೂದಲು ಅಲ್ಲೇ ತುಂಡಾಗುತ್ತದೆ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 30 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಎರಡೂವರೆ ವರ್ಷ ವಯಸ್ಸು. ಅಷ್ಟು ಕಾಲದ ಬಿಸಿಲು, ಬಾಚಣಿಗೆ, ಬೋರ್ ನೀರು ಎಲ್ಲವನ್ನೂ ಅದು ಕಂಡಿದೆ. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ, ಗಾಯದಂತೆ ತಾನಾಗಿ ಮಾಯುವ ಶಕ್ತಿಯೂ ಇಲ್ಲ. ಆದ್ದರಿಂದಲೇ ಹೊರಗಿನ ಆರೈಕೆ ಬೇಕು. "ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ, ಕೂದಲು ಮೃದುವಾಗುತ್ತದೆ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ನೀರು ಕುಡಿಯುವುದು ಒಳ್ಳೆಯದೇ, ಆದರೆ ಕುಡಿದ ನೀರು ಕೂದಲಿನ ತುದಿಗೆ ಹೋಗುವುದಿಲ್ಲ.

*ಎಣ್ಣೆಯ ಬಗ್ಗೆ ಹಿರಿಯರಿಗೊಂದು ಮಾತು*

ಊರಿನಿಂದ ಮುಂಬೈಗೋ ದೆಹಲಿಗೋ ಹೊರಡುವಾಗ ಉಪ್ಪಿನಕಾಯಿ, ಸಾರಿನ ಪುಡಿಯ ಜೊತೆಗೆ ಗಾಣದ ಕೊಬ್ಬರಿ ಎಣ್ಣೆಯ ಕ್ಯಾನೂ ಚೀಲ ಸೇರುತ್ತದೆ. ಆ ಎಣ್ಣೆಗೆ ನಾನು ವಿರೋಧಿಯಲ್ಲ. 2003ರಲ್ಲಿ ಪ್ರಕಟವಾದ, ಮುಂಬೈಯಲ್ಲೇ ನಡೆದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿ ನೋಡಿದರು. ಕೂದಲಿನಿಂದ ಪ್ರೊಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದನ್ನು ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧಕರೇ ಎಂಬುದೂ ನಮ್ಮ ಗಮನದಲ್ಲಿರಲಿ. ಆದರೆ ಅದರ ಹಿಂದಿನ ಕಾರಣ ಅರ್ಥವಾಗುವಂಥದ್ದು: ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು. ಅದು ಕೂದಲಿನ ಒಳಗೆ ಇಳಿಯಬಲ್ಲದು.

ಆದರೂ ಒಂದು ವಿಷಯ ಒಪ್ಪಲೇಬೇಕು. ಎಣ್ಣೆಯಲ್ಲಿ ನೀರಿಲ್ಲ. ಎಣ್ಣೆ ತೇವವನ್ನು ಕಾಯುತ್ತದೆ, ತಾನಾಗಿ ತೇವ ತರುವುದಿಲ್ಲ. ಒಣ ಕೂದಲಿಗೆ ದಿನವೂ ಎಣ್ಣೆ ಸುರಿಯುವುದು ಖಾಲಿ ಬಿಂದಿಗೆಗೆ ಮುಚ್ಚಳ ಹಾಕಿದಂತೆ. ಮೊದಲು ಬಿಂದಿಗೆ ತುಂಬಬೇಕು, ಆಮೇಲೆ ಮುಚ್ಚಳ.

ಇನ್ನೊಂದು ಎಚ್ಚರಿಕೆ. ತಲೆಯಿಂದ ಬಿಳಿ ಹೊಟ್ಟು ಉದುರಿದ ತಕ್ಷಣ "ನೆತ್ತಿ ಒಣಗಿದೆ" ಎಂದು ಎಣ್ಣೆ ತಿಕ್ಕುತ್ತೇವೆ. ಹೊಟ್ಟಿಗೆ ಬಹಳ ಸಲ ಕಾರಣ ನೆತ್ತಿಯ ಮೇಲೆ ಬದುಕುವ ಒಂದು ಬಗೆಯ ಶಿಲೀಂಧ್ರ. ಜಿಡ್ಡೇ ಅದರ ಊಟ. ಹೊಟ್ಟು ಇದ್ದವರು ಎಣ್ಣೆಯನ್ನು ನೆತ್ತಿಗೆ ಬಿಟ್ಟು ಕೂದಲಿನ ಉದ್ದಕ್ಕೆ ಮಾತ್ರ ಹಚ್ಚಲಿ, ಹೊಟ್ಟಿಗೆ ವೈದ್ಯರು ಹೇಳಿದ ಶಾಂಪೂ ಬಳಸಲಿ.

*ಮನೆಯಲ್ಲೇ ಮಾಡುವ ಕ್ರಮ*

1. *ಸ್ನಾನಕ್ಕೆ ಮೊದಲು ಎಣ್ಣೆ.* ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕೂದಲಿನ ಮಧ್ಯಭಾಗದಿಂದ ತುದಿಯವರೆಗೆ ಕೊಬ್ಬರಿ ಎಣ್ಣೆ ಹಚ್ಚಿ. ನೀರು ಒಮ್ಮೆಲೇ ನುಗ್ಗಿ ಕೂದಲು ಉಬ್ಬುವುದನ್ನು ಇದು ತಡೆಯುತ್ತದೆ.

2. *ಶಾಂಪೂ ನೆತ್ತಿಗೆ ಮಾತ್ರ.* ಹೆಚ್ಚಿನವರಿಗೆ ವಾರಕ್ಕೆ ಒಂದು ಅಥವಾ ಎರಡು ಸಲ ಸಾಕು. ತುದಿಯನ್ನು ಬಟ್ಟೆ ಒಗೆದಂತೆ ತಿಕ್ಕಬೇಡಿ, ತೊಳೆಯುವಾಗ ಇಳಿಯುವ ನೊರೆಯೇ ಅದಕ್ಕೆ ಸಾಕು. ಮೈ ಸೋಪು ತಲೆಗೆ ಬೇಡವೇ ಬೇಡ. ಅದರ ಕ್ಷಾರ ಕೂದಲಿನ ಹೆಂಚುಗಳನ್ನು ಎಬ್ಬಿಸುತ್ತದೆ. ಸುಡು ಸುಡು ನೀರೂ ಬೇಡ, ಉಗುರು ಬೆಚ್ಚಗಿರಲಿ.

3. *ಕಂಡೀಷನರ್ ತಪ್ಪಿಸಬೇಡಿ.* ಗುಂಗುರು ಕೂದಲಿನವರು ಹಣ ಖರ್ಚು ಮಾಡಲೇಬೇಕೆಂದಿದ್ದರೆ ಇದಕ್ಕೆ ಮಾಡಲಿ. ದುಬಾರಿ ಬ್ರ್ಯಾಂಡ್ ಬೇಕಿಲ್ಲ. ಉದ್ದಕ್ಕೂ ಧಾರಾಳವಾಗಿ ಹಚ್ಚಿ, ಅದು ಇರುವಾಗಲೇ ಬೆರಳಿನಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ದಾಸವಾಳದ ಎಲೆಯ ಲೋಳೆ ಹಚ್ಚುವ ರೂಢಿ ಇದ್ದವರು ಅದನ್ನೂ ಮುಂದುವರಿಸಬಹುದು. ಅದರ ಜಾರುಗುಣದಿಂದ ಸಿಕ್ಕು ಸಲೀಸಾಗಿ ಬಿಡುತ್ತದೆ.

4. *ಟರ್ಕಿ ಟವೆಲ್ ಬಿಡಿ.* ಒರಟು ಟವೆಲ್ಲಿನಿಂದ ತಲೆ ಉಜ್ಜುವುದು, ಕೂದಲು ಹಿಂಡಿ ಝಾಡಿಸುವುದು, ಎರಡೂ ಕೂದಲನ್ನು ಮುರಿಯುತ್ತವೆ. ಹಳೆಯ ಪಂಚೆ ಅಥವಾ ಹಳೆಯ ಹತ್ತಿ ಟೀ ಶರ್ಟಿನಲ್ಲಿ ಕೂದಲನ್ನು ಕೆಳಗಿನಿಂದ ಮೇಲಕ್ಕೆ ಅದುಮಿ ನೀರು ತೆಗೆಯಿರಿ.

5. *ಒದ್ದೆ ಇರುವಾಗಲೇ ಮುಚ್ಚಳ.* ಇಡೀ ಕ್ರಮದ ಗುಟ್ಟು ಇಲ್ಲಿದೆ. ಕೂದಲು ಒದ್ದೆ ಇರುವಾಗಲೇ ತೊಳೆಯದೆ ಬಿಡುವ ಕ್ರೀಮ್ ಅಥವಾ ಅಗಸೆ ಜೆಲ್ ಹಚ್ಚಿ. ಅದರ ಮೇಲೆ ಅಂಗೈಯಲ್ಲಿ ಉಜ್ಜಿಕೊಂಡ ನಾಲ್ಕೈದು ಹನಿ ಎಣ್ಣೆ ಸವರಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ಒಳಗೆ ತೇವವೇ ಉಳಿದಿರುವುದಿಲ್ಲ.

6. *ಒಣಗಿದ ಮೇಲೆ ಬಾಚಬೇಡಿ.* ಒಣ ಗುಂಗುರನ್ನು ಬಾಚಿದರೆ ಸುರುಳಿ ಒಡೆದು ಕೆದರುತ್ತದೆ. ಮಧ್ಯೆ ಸರಿಮಾಡಬೇಕಾದರೆ ಕೈ ಒದ್ದೆ ಮಾಡಿಕೊಂಡು ಸುರುಳಿಗಳನ್ನು ಮೆತ್ತಗೆ ಅದುಮಿ.

7. *ರಾತ್ರಿಗೆ ರೇಷ್ಮೆ.* ಹತ್ತಿಯ ದಿಂಬಿನ ಕವರ್ ತೇವ ಹೀರುತ್ತದೆ, ಕೂದಲನ್ನು ಉಜ್ಜುತ್ತದೆ. ಹರಿದುಹೋದ ರೇಷ್ಮೆ ಸೀರೆಯ ತುಂಡನ್ನು ದಿಂಬಿಗೆ ಸುತ್ತಿ, ಜಡೆ ಸಡಿಲವಾಗಿ ಹೆಣೆದು ಮಲಗಿ.

*ಅಗಸೆ ಜೆಲ್ ಮಾಡುವ ವಿಧಾನ:* ಚಟ್ನಿಪುಡಿಗೆ ಬಳಸುವ ಅದೇ ಅಗಸೆ ಬೀಜ. ಕಾಲು ಕಪ್ ಬೀಜವನ್ನು ಎರಡು ಕಪ್ ನೀರಿನಲ್ಲಿ ಕೈಯಾಡಿಸುತ್ತಾ ಎಂಟು ಹತ್ತು ನಿಮಿಷ ಕುದಿಸಿ. ಮೊಟ್ಟೆಯ ಬಿಳಿಯಂತೆ ಎಳೆ ಬಂದ ಕೂಡಲೇ ಇಳಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದರೆ ಸೋಸಲು ಬರುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ವಾಸನೆ ಬದಲಾದರೆ ಚೆಲ್ಲಿ.

*ನೀವಿರುವ ಊರಿನ ನೀರು, ಗಾಳಿ*

ಊರಿನಲ್ಲಿ ಚೆನ್ನಾಗಿದ್ದ ಕೂದಲು ಇಲ್ಲಿ ಬಂದ ಮೇಲೆ ಹಾಳಾಯಿತು ಎಂಬ ದೂರು ಸುಳ್ಳಲ್ಲ. ಹೈದರಾಬಾದ್, ಚೆನ್ನೈನ ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ, ಪುಣೆಯ ಹೊರವಲಯದ ಸೊಸೈಟಿಗಳಲ್ಲಿ ಬರುವುದು ಬೋರ್ ಅಥವಾ ಟ್ಯಾಂಕರ್ ನೀರು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಳೆಯಲು ಯಂತ್ರ ಬೇಕೆಂದಿಲ್ಲ. ಸೋಪು ನೊರೆ ಬರದಿದ್ದರೆ, ನಲ್ಲಿ ಮತ್ತು ಬಕೆಟ್ಟಿನ ಮೇಲೆ ಬಿಳಿ ಕಲೆ ಕಟ್ಟಿದ್ದರೆ ನೀರು ಗಡಸು ಎಂದೇ ಲೆಕ್ಕ. ಆ ಸುಣ್ಣದ ಅಂಶ ಕೂದಲಿನ ಮೇಲೂ ಕೂರುತ್ತದೆ. ಸುಲಭ ಉಪಾಯ: ಕೊನೆಯ ಎರಡು ಚೊಂಬು ಕುಡಿಯುವ ಫಿಲ್ಟರ್ ನೀರಿನಿಂದ ತಲೆ ತೊಳೆದುಕೊಳ್ಳಿ. ಆರ್‌ಒ ಯಂತ್ರ ಹೊರಹಾಕುವ ವೇಸ್ಟ್ ನೀರು ಮಾತ್ರ ಇದಕ್ಕೆ ಬೇಡ, ಅದು ಇನ್ನೂ ಗಡಸು.

ಮುಂಬೈಯವರಿಗೆ ಕೆರೆ ನೀರಿನ ಭಾಗ್ಯವಿದೆ. ಅವರ ಕಷ್ಟ ಮಳೆಗಾಲದ ಗಾಳಿ. ಒಣ ಕೂದಲು ಗಾಳಿಯ ತೇವವನ್ನೇ ಎಳೆದುಕೊಂಡು ಉಬ್ಬುತ್ತದೆ. ಆಗ ಗ್ಲಿಸರಿನ್ ಹೆಚ್ಚಿರುವ ಕ್ರೀಮ್ ಕಡಿಮೆ ಮಾಡಿ, ಜೆಲ್ ಹೆಚ್ಚು ಮಾಡಿ. ಲೋಕಲ್ ರೈಲಿನ ಬಾಗಿಲ ಗಾಳಿಗೆ ಕೂದಲು ಬಿಡದೆ ದುಪಟ್ಟಾ ಸುತ್ತಿಕೊಳ್ಳಿ. ದೆಹಲಿಯವರಿಗೆ ಬೇಸಿಗೆಯ ಲೂ, ಚಳಿಗಾಲದ ಹೀಟರ್ ಎರಡೂ ಒಣ ಗಾಳಿಯೇ. ಅಲ್ಲಿ ಕ್ರೀಮ್ ದಪ್ಪಗಿರಲಿ, ಮೇಲಿನ ಎಣ್ಣೆ ಇನ್ನೆರಡು ಹನಿ ಹೆಚ್ಚಿರಲಿ.

*ಈ ಫಾರ್ವರ್ಡ್‌ಗಳನ್ನು ನಂಬಬೇಡಿ*

ಅಡುಗೆ ಸೋಡಾ ಹಾಕಿ ತಲೆ ತೊಳೆಯುವುದು, ನಿಂಬೆರಸವನ್ನು ಹಾಗೆಯೇ ಹಚ್ಚಿ ಬಿಸಿಲಿಗೆ ಕೂರುವುದು, ಎರಡೂ ಒಣ ಕೂದಲಿಗೆ ಶಿಕ್ಷೆ. ಒಂದು ಕ್ಷಾರ, ಇನ್ನೊಂದು ತೀಕ್ಷ್ಣ ಆಮ್ಲ. ಹಸಿ ಮೊಟ್ಟೆಯ ಪ್ರೊಟೀನ್ ಕಣ ದೊಡ್ಡದು, ಕೂದಲಿನ ಒಳಗೆ ಹೋಗುವುದಿಲ್ಲ. ಮೊಟ್ಟೆ ತಿನ್ನುವವರು ಅದನ್ನು ತಟ್ಟೆಗೇ ಹಾಕಿಕೊಳ್ಳಲಿ, ಕೂದಲಿನ ಬೇರಿಗೆ ಅದರಿಂದಲೇ ಹೆಚ್ಚು ಉಪಕಾರ.

*ಪಾರ್ಲರಿಗೆ ಹೋಗುವ ಮುನ್ನ*

ವಯಸ್ಸಿಗೆ ಬಂದವರು ಕೂದಲು ನೇರ ಮಾಡಿಸಿಕೊಳ್ಳುವುದು ಅವರವರ ಇಷ್ಟ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ತಲೆಗೆ ಹಚ್ಚುವುದು ಏನು ಎಂದು ತಿಳಿದು ಒಪ್ಪಬೇಕು.

ಕೆರಾಟಿನ್, ಸ್ಮೂದನಿಂಗ್ ಎಂಬ ಹೆಸರಿನ ಕೆಲವು ದ್ರಾವಣಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಕಣ್ಣು ಉರಿ, ಗಂಟಲು ಕೆರೆತ, ಕೆಮ್ಮು ಬರುವುದು ಅದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು 2004ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಗಿರಾಕಿ ವರ್ಷಕ್ಕೊಮ್ಮೆ ಉಸಿರಾಡುವ ಈ ಹೊಗೆಯನ್ನು ಪಾರ್ಲರಿನ ಹುಡುಗಿ ದಿನವೂ ಉಸಿರಾಡುತ್ತಾಳೆ ಎಂಬುದನ್ನೂ ನೆನೆಯೋಣ.

"ನಮ್ಮದು ಫಾರ್ಮಾಲ್ಡಿಹೈಡ್ ಇಲ್ಲದ್ದು" ಎನ್ನುವವರ ಕೆಲವು ಕ್ರೀಮ್‌ಗಳಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತದೆ. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಮಹಿಳೆಯೊಬ್ಬರ ಪ್ರಕರಣ ವರದಿ ಮಾಡಿದರು. 2020, 2021, 2022ರಲ್ಲಿ ಒಂದೇ ಸಲೂನಿನಲ್ಲಿ ಕೂದಲು ನೇರ ಮಾಡಿಸಿದ ಪ್ರತಿ ಸಲವೂ ಆಕೆಯ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಆ ಕ್ರೀಮಿನಲ್ಲಿ ಶೇಕಡ 10ರಷ್ಟು ಈ ಆಮ್ಲವಿತ್ತು. ಅದೃಷ್ಟಕ್ಕೆ ಆಕೆ ಚೇತರಿಸಿಕೊಂಡರು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಬಾಟಲಿಯ ಲೇಬಲ್ ತೋರಿಸಿ ಎಂದು ಕೇಳುವುದು ನಮ್ಮ ಹಕ್ಕು. ತೋರಿಸದಿದ್ದರೆ ಎದ್ದು ಬನ್ನಿ. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳು ಇದರಿಂದ ದೂರವಿರುವುದೇ ಲೇಸು.

*ವೈದ್ಯರನ್ನು ಕಾಣಬೇಕಾದದ್ದು ಯಾವಾಗ?*

ಹುಟ್ಟಿನಿಂದ ಬಂದ ಒಣ ಗುಂಗುರು ಬೇರೆ, ಇದ್ದಕ್ಕಿದ್ದಂತೆ ಒಣಗಿದ್ದು ಬೇರೆ. ಕೆಲವೇ ತಿಂಗಳಲ್ಲಿ ಕೂದಲು ಒರಟಾಗಿ ಉದುರತೊಡಗಿದರೆ, ಜೊತೆಗೆ ಸುಸ್ತು, ತೂಕ ಏರುವುದು, ಚಳಿ ತಡೆಯದಿರುವುದು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿ. ವೃತ್ತಾಕಾರವಾಗಿ ಕೂದಲು ಹೋದರೆ, ನೆತ್ತಿಯಲ್ಲಿ ಹುಣ್ಣಾದರೆ ಚರ್ಮವೈದ್ಯರನ್ನು ಕಾಣಿರಿ. ದಿನವೂ ಬಿಗಿ ಜಡೆ ಹಾಕುವ ಹೆಣ್ಣುಮಕ್ಕಳ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತಿದ್ದರೆ ಜಡೆ ಸಡಿಲಿಸಿ. ವರ್ಷಗಟ್ಟಲೆ ಎಳೆದರೆ ಅಲ್ಲಿ ಕೂದಲು ಮತ್ತೆ ಬರುವುದೇ ಇಲ್ಲ.

*ಕೊನೆಯ ಮಾತು*

ಕೂದಲಿನ ಆರೈಕೆ ನಮ್ಮ ನಾಲಿಗೆಯಿಂದಲೂ ಶುರುವಾಗಬೇಕು. ಗುಬ್ಬಿಗೂಡು, ಪೊರಕೆ, ಬಾಚದ ತಲೆ ಎಂದು ನಾವು ತಮಾಷೆಗೆ ಆಡುವ ಮಾತುಗಳನ್ನು ಏಳೆಂಟು ವರ್ಷದ ಹುಡುಗಿ ಮರೆಯುವುದಿಲ್ಲ. ಹದಿನೆಂಟಕ್ಕೆ ಅವಳು ಪಾರ್ಲರಿನ ಕುರ್ಚಿಯಲ್ಲಿ ಕಣ್ಣುರಿ ಸಹಿಸಿಕೊಂಡು ಕೂರುವುದರಲ್ಲಿ ಆ ಮಾತುಗಳ ಪಾಲೂ ಇದೆ. ಆ ಸುರುಳಿ ಅವಳಿಗೆ ಅಜ್ಜಿಯಿಂದಲೋ ಸೋದರಮಾವನಿಂದಲೋ ಬಂದ ಆಸ್ತಿ. ವಧು ನೋಡಲು ಬಂದವರಿಗಾಗಿ ಅದನ್ನು ಸುಡುವ ಅಗತ್ಯ ಖಂಡಿತ ಇಲ್ಲ.

ಈ ಭಾನುವಾರ ತಲೆಸ್ನಾನದ ದಿನ ಎರಡೇ ಬದಲಾವಣೆ ಮಾಡಿ ನೋಡಿ: ಟವೆಲ್ ಬದಲು ಹಳೆ ಪಂಚೆ, ಒಣ ಕೂದಲಿನ ಬದಲು ಒದ್ದೆ ಕೂದಲಿಗೆ ಕ್ರೀಮ್ ಮತ್ತು ಎಣ್ಣೆ. ಆರು ವಾರ ಬಿಡದೆ ಮಾಡಿ, ಆಮೇಲೆ ಪಾರ್ಲರಿನ ವಿಚಾರ ನಿರ್ಧರಿಸಿ.

ನಿಮ್ಮ ಬಳಗದಲ್ಲಿ ಗುಂಗುರು ಕೂದಲಿನವರು ಇದ್ದರೆ ಇದನ್ನು ಅವರಿಗೂ, ಮುಖ್ಯವಾಗಿ ಅವರ ಅಮ್ಮಂದಿರಿಗೂ ಕಳಿಸಿ.

ಎಲ್ಲರಿಗೂ ಆರೋಗ್ಯವಿರಲಿ.