ಕಡಲಿಗೂ ಹೊಳೆಗೂ ನಡುವಿನ ದಿನಚರಿ

ಆನ್‌ಲೈನ್ ದಿನಚರಿ ಎಂದರೆ ದಿನದ ಬದುಕನ್ನು ತಾರೀಖಿನ ಸಮೇತ ಅಂತರಜಾಲದ ಜಾಗವೊಂದರಲ್ಲಿ ಬರೆದಿಡುವುದು. ಅದು ಎಲ್ಲರಿಗೂ ತೆರೆದಿರಬಹುದು, ನಾಲ್ಕು ಜನ ಗೆಳೆಯರಿಗಷ್ಟೇ ಕಾಣಬಹುದು, ಬರೆದವರ ಹೊರತು ಯಾರ ಕಣ್ಣಿಗೂ ಬೀಳದಂತೆ ಬೀಗ ಹಾಕಿಕೊಂಡಿರಬಹುದು. ಈ ಅಭ್ಯಾಸ ಹೆಚ್ಚಾಗಿ ಹದಿಹರೆಯದಲ್ಲೇ ಹುಟ್ಟುತ್ತದೆ. ಆ ವಯಸ್ಸಿಗೆ ಹೇಳಿಕೊಳ್ಳಲು ಬಹಳ ಇರುತ್ತದೆ, ಹೇಳಿಕೊಳ್ಳಲು ತಕ್ಕ ಜನ ಮಾತ್ರ ಮನೆಯಲ್ಲಿ ಸುಲಭವಾಗಿ ಸಿಗುವುದಿಲ್ಲ.

ಬೈಂದೂರು ತಾಲ್ಲೂಕಿನ ಮರವಂತೆಯಂಥ ಊರಿನಲ್ಲಿ ಇಂಥ ದಿನಚರಿಗೆ ಇನ್ನೊಂದು ಬೆಲೆಯೂ ಇದೆ. ಮರವಂತೆ ಅಂತರಜಾಲದಲ್ಲಿ ಈಗಾಗಲೇ ಬೇಕಾದಷ್ಟು ಇದೆ, ಆದರೆ ಇರುವುದೆಲ್ಲ ಒಂದೇ ನೋಟ: ರಾಷ್ಟ್ರೀಯ ಹೆದ್ದಾರಿ 66ರ ಪಡುವಣ ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಮೂಡಣ ಮಗ್ಗುಲಲ್ಲಿ ಸೌಪರ್ಣಿಕಾ ಹೊಳೆ, ನಡುವೆ ಓಡುವ ವಾಹನಗಳು. ಕೊಡಚಾದ್ರಿಯ ತಪ್ಪಲಿನಿಂದ ಕೊಲ್ಲೂರನ್ನು ಹಾದು ಬರುವ ಹೊಳೆ ಇಲ್ಲಿ ಕಡಲನ್ನು ಮುಟ್ಟುವಷ್ಟು ಹತ್ತಿರ ಬಂದು, ಮುಟ್ಟದೆ ತೆಂಕಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಈ ಚೆಲುವನ್ನು ಮೇಲಿನಿಂದ ಹಿಡಿದ ಚಿತ್ರಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹೆಚ್ಚಿನವು ಹಾದುಹೋಗುವವರು ತೆಗೆದವು. ಊರಿನೊಳಗೆ ಬೆಳಿಗ್ಗೆ ಎದ್ದು, ಬಸ್ಸು ಹಿಡಿದು, ಪರೀಕ್ಷೆ ಬರೆದು, ರಾತ್ರಿ ಅಲೆಯ ಸದ್ದಿನಲ್ಲಿ ಮಲಗುವ ಹುಡುಗ ಹುಡುಗಿಯರ ದಿನ ಆ ಚಿತ್ರಗಳಲ್ಲಿ ಇಲ್ಲ. ಅದನ್ನು ಬರೆಯಬಲ್ಲವರು ಅವರೇ.

ಆ ದಿನದ ಒಳಗೆ ಏನಿದೆ ಎಂದು ನೋಡಬೇಕು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಓದು ಬಸ್ಸಿನ ವೇಳೆಗೆ ಕಟ್ಟಿಕೊಳ್ಳುತ್ತದೆ. ಬಡಗಣಕ್ಕೆ ನಾವುಂದ, ಬೈಂದೂರು. ತೆಂಕಣಕ್ಕೆ ಗಂಗೊಳ್ಳಿ, ಕುಂದಾಪುರ. 1963ರಲ್ಲಿ ಆರಂಭವಾದ ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿಗೆ ಈ ಕರಾವಳಿಯ ತಲೆಮಾರುಗಳು ಹೆದ್ದಾರಿಯ ಬಸ್ಸುಗಳಲ್ಲೇ ಹೋಗಿಬಂದಿವೆ. ಜೊತೆಗೆ ಯಾರು ಹತ್ತಿದರು, ಯಾರು ಮುಖ ತಿರುಗಿಸಿದರು, ನಿನ್ನೆಯ ಮಾತು ಇಂದು ಯಾಕೆ ಮುಂದುವರಿಯಲಿಲ್ಲ ಎಂಬ ಮೂರು ಸಾಲು ಹದಿನಾರರ ದಿನಚರಿಯಲ್ಲಿ ಒಂದು ಪುಟದ ತೂಕ ಪಡೆಯುತ್ತವೆ. ಹಿರಿಯರಿಗೆ ಇದು ಹುಡುಗಾಟಿಕೆಯಾಗಿ ಕಾಣುತ್ತದೆ. ಆದರೆ ಮನುಷ್ಯರ ನಡುವಿನ ದೂರವನ್ನೂ ಹತ್ತಿರವನ್ನೂ ಅಳೆಯಲು ಕಲಿಯುವುದು ಇಂಥ ಸಾಲುಗಳಲ್ಲಿಯೇ.

ಮಳೆಗಾಲ ಬಂದರೆ ದಿನಚರಿಯ ಸ್ವರ ಬದಲಾಗುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೂನ್, ಜುಲೈ ರಾತ್ರಿಗಳಲ್ಲಿ ಮಕ್ಕಳು ಜಿಲ್ಲಾಧಿಕಾರಿಯ ರಜೆ ಆದೇಶಕ್ಕಾಗಿ ವಾಟ್ಸಾಪ್ ನೋಡುತ್ತ ಕಾಯುತ್ತಾರೆ. ಹಳೆಯ ಆದೇಶದ ತಾರೀಖು ತಿದ್ದಿ ಹಂಚಿದ ಸುಳ್ಳು ರಜೆಗಳೂ ಬರುತ್ತವೆ, ಬೆಳಿಗ್ಗೆ ಒದ್ದೆ ಕೊಡೆ ಹಿಡಿದು ಹೊರಡಬೇಕಾಗುತ್ತದೆ. ಇದೇ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವ ಅಪ್ಪ, ಮಾವ ಮನೆಯಲ್ಲಿರುವ ತಿಂಗಳುಗಳು ಇವು. ಬಲೆ ಹೆಣೆಯುವುದು, ದುರಸ್ತಿ, ನಾಡದೋಣಿಯವರು ಕಡಲು ನೋಡಿ ಇಳಿಯುವುದು, ಮನೆಯ ಖರ್ಚಿನ ಮಾತು ತಗ್ಗಿದ ಸ್ವರದಲ್ಲಿ ನಡೆಯುವುದು. ಮೊಗವೀರ ಮನೆಗಳ ಮಕ್ಕಳಿಗೆ ಮೀನಿನ ದರ ಪಾಠದ ಹೊರಗಿನ ಸಂಗತಿಯಲ್ಲ, ಕಾಲೇಜಿನ ಶುಲ್ಕ ಅದನ್ನೇ ನಂಬಿಕೊಂಡಿರುತ್ತದೆ. ಕಡಲ್ಕೊರೆತದ ವರ್ಷಗಳಲ್ಲಿ ತೆಂಗಿನ ಮರ ಉರುಳಿದ್ದು, ದಂಡೆಗೆ ಕಲ್ಲು ತಂದು ಸುರಿದದ್ದು, ಮೀನುಗಾರಿಕೆಯ ಹೊರಬಂದರು ಕಾಮಗಾರಿ ಮುಂದುವರಿದದ್ದು, ನಿಂತದ್ದು ಎಲ್ಲವೂ ಪತ್ರಿಕೆಗಳಲ್ಲಿ ಸುದ್ದಿಯಾಗಿ ಬಂದಿವೆ. ಮಲಗುವ ಕೋಣೆಗೆ ಆ ರಾತ್ರಿಯ ಅಲೆ ಎಷ್ಟು ಹತ್ತಿರ ಕೇಳಿಸಿತು ಎಂಬುದು ಸುದ್ದಿಯಲ್ಲಿ ಬರುವುದಿಲ್ಲ.

ಆಸಾಡಿ ಅಮಾಸಿ, ಅಂದರೆ ಕರ್ಕಾಟಕ ಅಮಾವಾಸ್ಯೆಯ ದಿನ, ಮರವಂತೆಯ ವರಾಹ ದೇವಸ್ಥಾನದಲ್ಲಿ ಜಾತ್ರೆ. ಹೊಸದಾಗಿ ಮದುವೆಯಾದ ಜೋಡಿಗಳು ಕಡಲಿನಲ್ಲೂ ಹೊಳೆಯಲ್ಲೂ ಮಿಂದು ಅಲ್ಲಿನ ದೇವರಾದ ಮಹಾರಾಜಸ್ವಾಮಿಯ ದರ್ಶನ ಮಾಡುತ್ತಾರೆ. ಮಳೆ ಸುರಿಯುತ್ತಿರುವಾಗಲೇ ನಡೆಯುವ ಈ ಜಾತ್ರೆಗೆ ಊರಿನ ಹರೆಯದವರೆಲ್ಲ ಇರುತ್ತಾರೆ, ಮುಂದೆ ತಮ್ಮ ಬದುಕು ಹೇಗಿರಬೇಕು ಎಂಬ ಯೋಚನೆ ಅಲ್ಲಿ ಬಾರದೆ ಇರದು. 2019ರಿಂದ ಅದೇ ಅಮಾವಾಸ್ಯೆಯನ್ನು ಇಲ್ಲಿನ ಆಡುಮಾತಿಗಾಗಿ ವಿಶ್ವ ಕುಂದಾಪ್ರ ಕನ್ನಡ ದಿನವೆಂದೂ ಆಚರಿಸುತ್ತ ಬಂದಿದ್ದಾರೆ. ಮಳೆ ಹಿಂದೆ ಸರಿದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮಾರಣಕಟ್ಟೆ ಮೇಳದ ಬಯಲಾಟ ನೋಡಿ ನಿದ್ದೆಗಣ್ಣಲ್ಲಿ ತರಗತಿಗೆ ಹೋದ ಬೆಳಿಗ್ಗೆಗಳೂ ದಿನಚರಿಯವೇ.

ಇದನ್ನೆಲ್ಲ ಬರೆಯುವ ಜಾಗ ಕಾಲಕಾಲಕ್ಕೆ ಬದಲಾಗಿದೆ. 1994ರ ಜನವರಿಯಲ್ಲಿ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿ ಜಸ್ಟಿನ್ ಹಾಲ್ ತನ್ನ ಪುಟ ತೆರೆದು, ಬರಬರುತ್ತ ಅಲ್ಲಿ ತನ್ನ ದಿನಗಳನ್ನು ಬರೆಯತೊಡಗಿದ. ಆನ್‌ಲೈನ್ ದಿನಚರಿಯ ಮೊದಲಿಗರಲ್ಲಿ ಅವನನ್ನು ಹೆಸರಿಸುತ್ತಾರೆ. 1998ರಲ್ಲಿ ‘ಓಪನ್ ಡೈರಿ’, 1999ರಲ್ಲಿ ‘ಲೈವ್‌ಜರ್ನಲ್’ ಬಂದ ಮೇಲೆ ಇಂಥ ಬರವಣಿಗೆಗೆ ಕಂಪ್ಯೂಟರ್ ವಿದ್ಯೆ ಬೇಕಿಲ್ಲ ಎಂದಾಯಿತು. ಕನ್ನಡದಲ್ಲಿ ಬರೆಯುವುದು ಮಾತ್ರ ಇನ್ನೂ ಕೆಲವು ವರ್ಷ ಕಾಯಬೇಕಾಯಿತು. ಕರಾವಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, 1998ರ ‘ಬರಹ’ ತಂತ್ರಾಂಶ, ‘ನುಡಿ’ ತಂತ್ರಾಂಶ, ಆಮೇಲೆ ಯುನಿಕೋಡ್ ಒಂದರ ಹಿಂದೊಂದು ಬಂದು ದಾರಿ ತೆರೆದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ತರಗತಿಯ ನೆಪದಲ್ಲಿ ಮೊಬೈಲು ಮಕ್ಕಳ ಕೈಗೇ ಬಂತು. ಘಟ್ಟದಡಿಯ ಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಿದವರೂ ಇದ್ದರು.

ಇಂದಿನ ದಿನಚರಿಗೆ ಒಂದೇ ರೂಪವಿಲ್ಲ. ಮೊಬೈಲಿನ ಟಿಪ್ಪಣಿಯಲ್ಲಿ ಬೀಗ ಹಾಕಿಟ್ಟ ಪುಟ, ಆಪ್ತರಿಗಷ್ಟೇ ಕಾಣುವ ಇನ್‌ಸ್ಟಾಗ್ರಾಂನ ಎರಡನೆಯ ಖಾತೆ, 24 ಗಂಟೆಯಲ್ಲಿ ಮಾಯವಾಗುವ ಸ್ಟೇಟಸ್, ತನಗೆ ತಾನೇ ಕಳಿಸಿಕೊಂಡ ವಾಟ್ಸಾಪ್ ಸಂದೇಶ ಎಲ್ಲವೂ ಆ ಕೆಲಸ ಮಾಡುತ್ತಿವೆ. ಲಿಪಿ ಕೆಲವೊಮ್ಮೆ ಕನ್ನಡದ್ದು, ಕೆಲವೊಮ್ಮೆ ಇಂಗ್ಲಿಷಿನದು. ನುಡಿ ಮಾತ್ರ, ಶಾಲೆಯ ಪ್ರಬಂಧದಲ್ಲಿ ಎಂದೂ ಬಾರದ ಕುಂದಾಪುರದ ಮನೆಮಾತೇ ಆಗಿರುತ್ತದೆ. ಪರೀಕ್ಷೆಗೆ ಬರೆಯುವ ಕನ್ನಡ, ಕೆಲಸಕ್ಕೆ ಬೇಕಾದ ಇಂಗ್ಲಿಷ್ ಎರಡರ ನಡುವೆ ತನ್ನ ಅಮ್ಮನೊಡನೆ ಜಗಳವಾಡುವ ಮಾತಿಗೆ ಬರಹದ ರೂಪ ಸಿಗುವ ಜಾಗ ಇದೊಂದೇ ಎನ್ನುವಷ್ಟು ಕಡಿಮೆ. ಹಾಗಾಗಿ ಹರೆಯದವರು ಅಂತರಜಾಲದಲ್ಲಿ ಕನ್ನಡ ಕೆಡಿಸುತ್ತಿದ್ದಾರೆ ಎಂಬ ದೂರನ್ನು ಈ ದಿನಚರಿಗಳ ಮೇಲೆ ಹೊರಿಸುವುದು ಅನ್ಯಾಯ.

ದಿನಚರಿಗೆ ಓದುಗರು ಬೇಕೇ ಎಂಬುದು ಈ ವಿಷಯದ ಅತ್ಯಂತ ಕಷ್ಟದ ಪ್ರಶ್ನೆ. ಕಾಗದದ ಕಾಲದಲ್ಲೂ ಅದು ಇತ್ತು. ನಾಜಿಗಳಿಂದ ಅಡಗಿ ಬದುಕಿದ ಯಹೂದಿ ಹುಡುಗಿ ಆನ್ ಫ್ರಾಂಕ್‌ಗೆ 1942ರ ಜೂನ್ 12ರಂದು, ಹದಿಮೂರನೆಯ ಹುಟ್ಟುಹಬ್ಬಕ್ಕೆ, ದಿನಚರಿಯ ಪುಸ್ತಕ ಸಿಕ್ಕಿತು. ಆಮ್‌ಸ್ಟರ್‌ಡ್ಯಾಮಿನ ಅಡಗುತಾಣದಲ್ಲಿ ಸುಮಾರು ಎರಡು ವರ್ಷ ಅವಳು ತನಗಾಗಿ ಬರೆದಳು. 1944ರ ಮಾರ್ಚ್‌ನಲ್ಲಿ, ಯುದ್ಧಕಾಲದ ದಿನಚರಿ, ಪತ್ರಗಳನ್ನು ಕಾಪಾಡಿಡಿ ಎಂದು ದೇಶಭ್ರಷ್ಟ ಡಚ್ ಸರ್ಕಾರದ ಮಂತ್ರಿಯೊಬ್ಬರು ಲಂಡನ್ ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿದ ಮೇಲೆ ಅದೇ ದಿನಚರಿಯನ್ನು ತಿದ್ದಿ, ಕೆಲವನ್ನು ಬಿಟ್ಟು, ಹೆಸರು ಬದಲಿಸಿ ಮತ್ತೆ ಬರೆಯತೊಡಗಿದಳು. ಪೂರ್ತಿಯಾಗಿ ಅಲ್ಲವಾದರೂ ಅವಳ ಎರಡೂ ಪಾಠಗಳು ಉಳಿದಿವೆ. ಮೊದಲನೆಯದರಲ್ಲಿ ಅಡೆತಡೆ ಕಡಿಮೆ, ಎರಡನೆಯದರಲ್ಲಿ ಬರಹಗಾರ್ತಿಯ ಕಸುಬು ಹೆಚ್ಚು. ಓದುಗರನ್ನು ನೆನೆದು ಬರೆದದ್ದರಿಂದ ಬಂದದ್ದೂ ಹೋದದ್ದೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಅವಳಿಗೆ ಎರಡು ಪಾಠಗಳ ನಡುವೆ ಸುಮಾರು ಎರಡು ವರ್ಷ ಸಿಕ್ಕಿತ್ತು. ಇಂದಿನ ಆನ್‌ಲೈನ್ ದಿನಚರಿಯಲ್ಲಿ ಆ ನಡುವಿನ ಕಾಲವೇ ಇಲ್ಲ. ಬರೆದು ಮುಗಿಸುವ ಮೊದಲೇ ಓದುಗರು ಎದುರು ಕೂತಿರುತ್ತಾರೆ. ಎಷ್ಟು ಜನ ನೋಡಿದರು ಎಂಬ ಸಂಖ್ಯೆ ಬರಹದ ಕೆಳಗೇ ಕಾಣುತ್ತದೆ, ನಾಳೆಯ ದಿನವನ್ನು ಆ ಸಂಖ್ಯೆಗೆ ತಕ್ಕಂತೆ ಬದುಕುವ ಒತ್ತಡ ಹುಟ್ಟುತ್ತದೆ. ಬರೆಯಲೆಂದು ಬದುಕಿದ ದಿನ ದಿನಚರಿಯಾಗಿ ಉಳಿಯುವುದಿಲ್ಲ.

ಓದುಗರ ಕಣ್ಣಿನಿಂದ ತಪ್ಪಿಸಿಕೊಳ್ಳಲು ಹೆಸರು ಮರೆಸುವುದು ಹಳೆಯ ಉಪಾಯ. ಅದರ ಉದಾಹರಣೆಯೊಂದು ಕುಂದಾಪುರದ ನೆಲದಲ್ಲೇ ಇದೆ. ಇಲ್ಲಿ 1945ರಲ್ಲಿ ಹುಟ್ಟಿದ ಜಾನಕಿ ತಮ್ಮ ಕಥೆಯೊಂದನ್ನು ‘ಸುಧಾ’ ವಾರಪತ್ರಿಕೆಗೆ ಕಳಿಸಿ, ಅದರಲ್ಲಿ ನಡೆದ ಸಂಗತಿ ಇದೆ, ಪ್ರಕಟಿಸಬೇಡಿ ಎಂದು ಆಮೇಲೆ ಕೇಳಿಕೊಂಡರು. ಸಂಪಾದಕರು ಲೇಖಕಿಯ ಹೆಸರನ್ನು ವೈದೇಹಿ ಎಂದು ಬದಲಿಸಿ ಕಥೆಯನ್ನು ಅಚ್ಚು ಹಾಕಿದರು. ಕುಂದಾಪುರದ ಹೆಂಗಸರ ಒಳಮನೆಯ ಮಾತನ್ನು ಕನ್ನಡ ಸಾಹಿತ್ಯಕ್ಕೆ ತಂದ ಹೆಸರು ಹುಟ್ಟಿದ್ದು ಹೀಗೆ, ತನ್ನವರ ಗುಟ್ಟು ಬಯಲಾದೀತೆಂಬ ಅಳುಕಿನಿಂದ. 2009ರ ಜನವರಿಯಲ್ಲಿ ಪಾಕಿಸ್ತಾನದ ಸ್ವಾತ್ ಕಣಿವೆಯ ಹನ್ನೊಂದು ವರ್ಷದ ಮಲಾಲಾ ಯೂಸುಫ್‌ಝೈ ಬಿಬಿಸಿ ಉರ್ದುವಿನ ಜಾಲತಾಣಕ್ಕೆ ‘ಗುಲ್ ಮಕಾಯ್’ ಎಂಬ ಹೆಸರಿನಲ್ಲಿ ದಿನಚರಿ ಕೊಟ್ಟಳು. ಶಾಲೆಗೆ ಹೋಗುವ ದಾರಿ, ಸಮವಸ್ತ್ರ, ಗುಂಡಿನ ಸದ್ದು, ಕಡಿಮೆಯಾಗುತ್ತಿದ್ದ ಸಹಪಾಠಿಗಳು ಅದರ ಹೂರಣ. ಆ ಮರೆ ಬಹಳ ಕಾಲ ನಿಲ್ಲಲಿಲ್ಲ, 2012ರ ಅಕ್ಟೋಬರ್‌ನಲ್ಲಿ ಅವಳ ಮೇಲೆ ಗುಂಡು ಹಾರಿತು. ಆನ್‌ಲೈನ್ ದಿನಚರಿಗೆ ಎಷ್ಟು ಬಲವಿದೆ, ಎಷ್ಟು ಅಪಾಯವಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮರವಂತೆಯ ಹರೆಯದವರಿಗೆ ಅಂಥ ಅಪಾಯವಿಲ್ಲ. ಆದರೆ ಸಣ್ಣ ಊರಿನಲ್ಲಿ ಹೆಸರು ಮರೆಸುವುದು ಹೆಚ್ಚು ಕಷ್ಟ. ದೇವಸ್ಥಾನದ ಹತ್ತಿರದ ಮನೆ, ಮಲ್ಪೆಯ ಬೋಟಿಗೆ ಹೋಗುವ ಅಪ್ಪ, ಬೆಂಗಳೂರಿನ ಹೋಟೆಲಿನಲ್ಲಿರುವ ಅಣ್ಣ, ಇಷ್ಟು ಬರೆದರೆ ಯಾರ ಮನೆಯ ಮಾಣಿ, ಯಾರ ಮನೆಯ ಹೆಣ್ಣು ಎಂದು ಊರಿಗೆ ಗೊತ್ತಾಗುತ್ತದೆ. ತನ್ನ ಗುಟ್ಟು ಬಿಚ್ಚುವ ಹಕ್ಕು ಬರೆಯುವವರಿಗೆ ಇದೆ. ಅಪ್ಪನ ಸಾಲ, ಅಕ್ಕನ ಮದುವೆ ಮುರಿದ ಕಾರಣ, ಗೆಳತಿಯ ಪ್ರೀತಿ ಅವರವರ ಸೊತ್ತು. ಹದಿನಾರರ ದಿನಚರಿಯಲ್ಲಿ ಇವೆಲ್ಲ ಬರಲೇಬೇಕು, ಇಲ್ಲವಾದರೆ ಅದು ಸುಳ್ಳಾಗುತ್ತದೆ. ಆದ್ದರಿಂದ ಪೂರ್ತಿ ಸತ್ಯ ಹೇಳುವ ಪುಟ ಮುಚ್ಚಿಯೇ ಇರಬೇಕು. ತೆರೆದ ಪುಟಕ್ಕೆ ಮಳೆ, ಬಸ್ಸು, ಬಯಲಾಟ, ಓದಿದ ಪುಸ್ತಕ, ಕಡಲು ಸಾಕಷ್ಟಾಯಿತು. ಹಿರಿಯರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಮಕ್ಕಳ ಬೀಗ ಹಾಕಿದ ಪುಟವನ್ನು ಕದ್ದು ಓದಿದರೆ ಅವರ ಬಗ್ಗೆ ಏನೋ ತಿಳಿದೀತು, ಆದರೆ ಮುಂದೆ ಅವರು ನಿಜ ಬರೆಯುವುದನ್ನೇ ಬಿಡುತ್ತಾರೆ.

ಯಾರೂ ಓದದ ಬರಹಕ್ಕೂ ಕೆಲಸವಿದೆ. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬಿಯಾಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ ಬರೆದರು. ತಮ್ಮ ಬದುಕಿನ ಆಘಾತದ ಸಂಗತಿಯನ್ನೂ ಅದರ ನೋವನ್ನೂ ಬರೆದವರು ಬರೆದ ಕೂಡಲೇ ಹೆಚ್ಚು ಖಿನ್ನರಾಗಿದ್ದರು, ಆದರೆ ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲಿನ ಅಧ್ಯಯನಗಳೆಲ್ಲ ಇಷ್ಟು ಸ್ಪಷ್ಟ ಫಲ ತೋರಿಸಿಲ್ಲ. ಬರವಣಿಗೆ ಚಿಕಿತ್ಸೆಗೆ ಬದಲಿಯಲ್ಲ, ಬದುಕೇ ಬೇಡವೆನ್ನಿಸುವ ಹುಡುಗನಿಗೋ ಹುಡುಗಿಗೋ ಬೇಕಾದದ್ದು ಕೇಳುವ ಮನುಷ್ಯರು. ಆದರೆ ಪಿಯುಸಿ ಅಂಕದ ಭಯವೋ ಅವಮಾನವೋ ತಲೆಯೊಳಗೆ ಸುತ್ತುತ್ತಿರುವಾಗ ಅದನ್ನು ವಾಕ್ಯಕ್ಕೆ ಇಳಿಸಿದರೆ ಅದಕ್ಕೊಂದು ಆರಂಭವೂ ಕೊನೆಯೂ ಸಿಗುತ್ತವೆ.

ಅಂತರಜಾಲದಲ್ಲಿರುವ ಮಕ್ಕಳನ್ನು ಕಾನೂನು ಈಗ ಬೇರೆಯಾಗಿ ಗುರುತಿಸಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ದತ್ತಾಂಶ ಬಳಸಲು ಕಂಪನಿಗಳು ಹೆತ್ತವರ ಖಚಿತ ಒಪ್ಪಿಗೆ ಪಡೆಯಬೇಕು, ಅವರ ಜಾಡು ಹಿಡಿದು ಜಾಹೀರಾತು ತೋರಿಸಬಾರದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತವೆ. ಜಾಹೀರಾತಿನ ನಿಬಂಧನೆ ಒಳ್ಳೆಯದು. ಒಪ್ಪಿಗೆಯ ನಿಬಂಧನೆಯಲ್ಲಿ ಒಂದು ತೊಡಕಿದೆ: ಮನೆಯವರಿಗೆ ಹೇಳಲಾಗದ್ದನ್ನು ಬರೆಯುವ ಜಾಗಕ್ಕೆ ಮನೆಯವರದೇ ಅಪ್ಪಣೆ ಬೇಕು. ಹದಿನೇಳು ವರ್ಷದವರನ್ನು ಏಳು ವರ್ಷದವರೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಸರಿಯಲ್ಲ.

ಬರೆದದ್ದು ಉಳಿಯುತ್ತದೆಯೇ ಎಂಬುದು ಕೊನೆಯ ಪ್ರಶ್ನೆ. ಜನ ತಮ್ಮ ಪುಟ ಕಟ್ಟಿಕೊಂಡಿದ್ದ ಜಾಲತಾಣ ಜಿಯೋಸಿಟೀಸ್ 2009ರಲ್ಲಿ, ಸಾಮಾಜಿಕ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿದವು. ಓಪನ್ ಡೈರಿಯೂ 2014ರಲ್ಲಿ ನಿಂತು, 2018ರಲ್ಲಿ ಮತ್ತೆ ತೆರೆಯಿತು. ಸಮಯಕ್ಕೆ ಇಳಿಸಿಕೊಳ್ಳದವರ ಎಷ್ಟೋ ಬರಹಗಳು ಅವುಗಳೊಡನೆ ಹೋದವು. ಕಾಗದವೂ ಕರಾವಳಿಯಲ್ಲಿ ನಿಶ್ಚಿಂತೆಯ ಜಾಗವಲ್ಲ, ಆಷಾಢದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಒರಲೆ ತಿನ್ನುತ್ತದೆ. ಹಳೆಯ ಫಾಂಟುಗಳಲ್ಲಿ ಮಾಡಿದ ಕನ್ನಡ ಕಡತಗಳನ್ನು ಪರಿವರ್ತಕವಿಲ್ಲದೆ ಇಂದಿನ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳಷ್ಟೇ ಕಾಣುತ್ತವೆ. ಹಾಗಾಗಿ ಯುನಿಕೋಡ್ ಕನ್ನಡದಲ್ಲಿ, ಸಾದಾ ಪಠ್ಯದ ಕಡತವಾಗಿ, ತಾರೀಖು ಮತ್ತು ಊರಿನ ಹೆಸರಿನೊಡನೆ ಎರಡು ಕಡೆ ಪ್ರತಿ ಇಡುವುದು ಒಳ್ಳೆಯದು. ವರ್ಷದ ಪರೀಕ್ಷೆ ಮುಗಿದು, ಮಳೆ ಇನ್ನೂ ಬಾರದ ಏಪ್ರಿಲ್, ಮೇ ತಿಂಗಳು ಆ ಕೆಲಸಕ್ಕೆ ತಕ್ಕ ಸಮಯ.