ಶಾಲು ಹೊದಿಸುವುದಕ್ಕೆ ಮುಂಚೆ

ನಮ್ಮ ಅಕ್ಕನ ಮಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಶನಿವಾರ ಬಂತೆಂದರೆ ಉಕ್ಕಿನ ಶಿರಸ್ತ್ರಾಣ ಹಾಕಿಕೊಂಡು ಬೆತ್ತದ ಕತ್ತಿಯಲ್ಲಿ ಬಡಿದಾಡಲು ಹೋಗುತ್ತಾನೆ. ಇದನ್ನು ಹೇಳಿದರೆ ಇಲ್ಲಿ ಮುಂಬಯಿಯಲ್ಲಿ ನೆಂಟರೆಲ್ಲ ನಗುತ್ತಾರೆ. ನಗಲಿ ಬಿಡಿ. ಆದರೆ ಆ ಗುಂಪಿನವರು ಒಬ್ಬ ಮನುಷ್ಯನನ್ನು ಗೌರವಿಸುವ ರೀತಿ ಇದೆಯಲ್ಲ, ಅದರ ಬಗ್ಗೆ ನಾಲ್ಕು ಮಾತು ಬರೆಯಲೇಬೇಕು ಅನ್ನಿಸಿತು.

ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಅಂತ ಅದರ ಹೆಸರು. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಿನ ಪಾರ್ಟಿಯಿಂದ ಶುರುವಾದದ್ದು. 17ನೇ ಶತಮಾನಕ್ಕೆ ಹಿಂದಿನ ಯುರೋಪಿನ ಉಡುಪು, ಅಡುಗೆ, ನೇಯ್ಗೆ, ಕಾಳಗ ಎಲ್ಲವನ್ನೂ ಮಾಡಿ ನೋಡುವ ಹುಚ್ಚು. ಪ್ರದೇಶಗಳನ್ನು ರಾಜ್ಯಗಳೆಂದು ಕರೆದುಕೊಂಡಿದ್ದಾರೆ, ಕಾಳಗದಲ್ಲಿ ಗೆದ್ದವನು ಕೆಲವು ತಿಂಗಳು ರಾಜ. ಪೆನ್ಸಿಲ್ವೇನಿಯಾದಲ್ಲಿ ಬೇಸಿಗೆಯಲ್ಲಿ ನಡೆಸುವ 'ಪೆನ್ಸಿಕ್ ಯುದ್ಧ'ಕ್ಕೆ ಹತ್ತು ಸಾವಿರ ಜನ ಸೇರುತ್ತಾರಂತೆ!

ಇವರ ಅತಿ ದೊಡ್ಡ ಗೌರವಗಳಲ್ಲಿ ಒಂದು ನೈಟ್ ಪದವಿ. ಈಗಾಗಲೇ ಆ ಪದವಿ ಪಡೆದವರು ಚರ್ಚಿಸುತ್ತಾರೆ, ರಾಜ ರಾಣಿ ತೀರ್ಮಾನಿಸುತ್ತಾರೆ. ಆಮೇಲೆ ತಯಾರಿ ನೋಡಿ. ಸ್ನೇಹಿತರು ಕೂತು ಹೊಸ ಬಟ್ಟೆ ಹೊಲಿಯುತ್ತಾರೆ. ಇನ್ನೊಬ್ಬರು ವಾರಗಟ್ಟಲೆ ಕೂತು ಪ್ರಶಸ್ತಿಪತ್ರವನ್ನು ಕೈಯಲ್ಲಿ ಬರೆದು, ಅಂಚಿಗೆ ಬಣ್ಣ, ಚಿನ್ನದ ರೇಕು ಹಚ್ಚುತ್ತಾರೆ. ದುಡ್ಡು ತಗೊಳ್ಳದೆ ಸ್ವಾಮಿ! ಸಮಾರಂಭಕ್ಕೆ ಮುಂಚೆ 'ವಿಜಿಲ್', ಅಂದರೆ ಜಾಗರಣೆ. ಗೌರವ ಪಡೆಯುವವನು ಒಂದು ಡೇರೆಯಲ್ಲಿ ಕೂರುತ್ತಾನೆ. ಹೊರಗೆ ಬಂದವರಿಗೆಲ್ಲ ತಿಂಡಿ. ಒಬ್ಬೊಬ್ಬರಾಗಿ ಒಳಗೆ ಹೋಗಿ, ಅವನ ಮುಂದೆ ಕೂತು, ಹೇಳಬೇಕಾದ್ದನ್ನು ಹೇಳಿ ಬರುತ್ತಾರೆ. ಹೊಗಳಿಕೆ ಇರುತ್ತೆ, ಬುದ್ಧಿಮಾತೂ ಇರುತ್ತೆ. ಒಳಗೆ ಆಡಿದ್ದು ಒಳಗೇ. ಆಮೇಲೆ ಸಭೆಯಲ್ಲಿ ನಾಲ್ಕಾರು ಜನ ಎದ್ದು ಇವನು ಯಾಕೆ ಯೋಗ್ಯ ಅಂತ ಹೇಳಬೇಕು. ಅದಾದ ಮೇಲೇ ಬಿಳಿ ಸೊಂಟಪಟ್ಟಿ, ಚಿನ್ನದ ಬಣ್ಣದ ಸರಪಣಿ, ಕಾಲಿಗೆ ಸ್ಪರ್. (ನಮ್ಮಲ್ಲೂ ವೀರರ ಕಾಲಿಗೆ ಗಂಡಪೆಂಡಾರ ತೊಡಿಸುತ್ತಿದ್ದರಲ್ಲ!)

ನನಗೆ ಹಿಡಿಸಿದ್ದು ಮಾತ್ರ 'ಪೆಲಿಕನ್' ಎಂಬ ಇನ್ನೊಂದು ಗೌರವ. ಎದೆ ಸೀಳಿಕೊಂಡು ಮರಿಗಳಿಗೆ ರಕ್ತ ಕುಡಿಸುವ ಹಕ್ಕಿ ಅಂತ ಹಳೇ ಯುರೋಪಿನ ನಂಬಿಕೆ. ಇದು ಸೇವೆ ಮಾಡಿದವರಿಗೆ. ವರ್ಷಗಟ್ಟಲೆ ಅಡುಗೆ ಉಸ್ತುವಾರಿ ನೋಡಿದವರು, ಲೆಕ್ಕ ಬರೆದವರು ಇದನ್ನು ಪಡೆಯಬಹುದು. ನೈಟ್‌ಗೆ ಎಷ್ಟು ಸ್ಥಾನವೋ ಇವರಿಗೂ ಅಷ್ಟೇ. ಮೂವತ್ತು ವರ್ಷ ಲೆಡ್ಜರ್ ನೋಡಿದವನಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ಎಲ್ಲವೂ ಚೆನ್ನ ಅಂತಲ್ಲ. ಎಲ್ಲರೂ ಸಾಮಂತರು, ಉಳುವವನು ಯಾರೂ ಇಲ್ಲ, ಪ್ಲೇಗೂ ಇಲ್ಲ. ತನಗಿಂತ ಆಮೇಲೆ ಬಂದವನಿಗೆ ಸಿಕ್ಕಿತೆಂಬ ಕೊರಗು ಅಲ್ಲೂ ಇದೆಯಂತೆ.

ಆದರೂ ನಮ್ಮ ಸನ್ಮಾನಗಳನ್ನು ನೆನೆಸಿಕೊಳ್ಳಿ. ಹದಿನಾಲ್ಕು ಜನ ಸಾಲಾಗಿ ಕುರ್ಚಿಯಲ್ಲಿ. ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೋ, "ಮುಂದಿನವರು ಬೇಗ ಬನ್ನಿ". ನಿರೂಪಕರು ಹೆಸರನ್ನು ಚೀಟಿ ನೋಡಿ ಓದುತ್ತಾರೆ, ಅದೂ ತಪ್ಪಾಗಿ. ಸಂಜೆ ದೊಡ್ಡ ಮೊತ್ತದ ದೇಣಿಗೆ ಕೊಟ್ಟವರದ್ದೇ ಮೊದಲ ಕುರ್ಚಿ.

ನಾನು ಬಲ್ಲ ಒಂದು ಸಂಘದಲ್ಲಿ 28 ವರ್ಷ ಲೆಕ್ಕ ಬರೆದ ಹಿರಿಯರೊಬ್ಬರಿದ್ದರು. ವಾರ್ಷಿಕೋತ್ಸವದ ದಿನ ಹಿಂದುಗಡೆ ನಿಂತು ಕೇಟರರ್‌ನ ಪ್ಲೇಟು ಎಣಿಸುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಹನ್ನೊಂದು ಜನ ಮಾತಾಡಿದರು, ಎಲ್ಲರೂ ಚೆನ್ನಾಗಿಯೇ ಮಾತಾಡಿದರು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ, "ಇಷ್ಟೆಲ್ಲ ಅವರಿಗೆ ಗೊತ್ತಿರಲಿಲ್ಲ" ಅಂದರು. ಆ ಮಾತಿಗೆ ಯಾರ ಹತ್ತಿರ ಉತ್ತರ ಇತ್ತು ಹೇಳಿ?

ನಮಗೆ ಡೇರೆ ಬೇಡ, ಕತ್ತಿ ಬೇಡ. ಹಿಂದಿನ ಸಂಜೆ ಅವರ ಮನೆಗೆ ಹತ್ತು ಜನ ಹೋಗಿ, ಒಬ್ಬೊಬ್ಬರೇ ಎದುರು ಕೂತು ಮಾತಾಡಿ ಬರಲು ಖರ್ಚೇನು? ಲೋಕಲ್ ಟ್ರೇನಿನ ಟಿಕೆಟ್ ಅಷ್ಟೇ. ಈ ಸಲದ ಪಟ್ಟಿಯಲ್ಲೂ ಹದಿನಾಲ್ಕು ಹೆಸರಿದೆ. ಎರಡು ಸಾಕು ಅಂತ ಕಮಿಟಿಗೆ ಬರೆದುಕೊಟ್ಟಿದ್ದೇನೆ. ಒಬ್ಬರು ಇಪ್ಪತ್ತು ವರ್ಷದಿಂದ ಹಾಲ್ ಬುಕ್ ಮಾಡುತ್ತಾ ಬಂದವರು. ಭಾನುವಾರ ಮೀಟಿಂಗ್. ಜಗಳ ಆಗುತ್ತೆ, ಗೊತ್ತು.