ಯಾರ ಮನೆ, ಯಾವ ಶಿಶುವಿಹಾರ?

ಎಳೆಯ ಮಕ್ಕಳು ಮನೆಯಲ್ಲಿರಬೇಕೇ, ಶಿಶುವಿಹಾರಕ್ಕೆ ಹೋಗಬೇಕೇ ಎಂದು ಚರ್ಚಿಸುವ ಮಹನೀಯರನ್ನು ಒಂದು ಮಾತು ಕೇಳುತ್ತೇವೆ: ಯಾರ ಮನೆ? ಮೊಳಕಾಲ್ಮೂರಿನ ರೇಷ್ಮೆ ನೇಕಾರನಿಗೆ ಮನೆಯೇ ಮಗ್ಗದ ಕೊಠಡಿ. ಕಂಡಿಕೆ ಸುತ್ತುವ ತಾಯಿಯೂ ಅಲ್ಲಿ ದುಡಿಮೆಗಾರಳೇ. ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಶೇಂಗಾ ಹಸನು ಮಾಡುವ ಹೆಂಗಸಿನ ಮನೆಗೆ ಹಗಲೆಲ್ಲ ಬೀಗ. ಚಿಲ್ಲರೆ ಅಂಗಡಿಯವನ ಮಗು ತಕ್ಕಡಿಯ ಪಕ್ಕದಲ್ಲೇ ತೂಕಡಿಸುತ್ತದೆ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಡವನ ಮಗುವಿಗೆ ಅಂಗನವಾಡಿಯನ್ನು ಕೊಟ್ಟಿತು. 2013ರ ಆಹಾರ ಭದ್ರತಾ ಕಾಯಿದೆ ಅಲ್ಲಿನ ಊಟವನ್ನು ಹಕ್ಕಾಗಿಸಿತು. ಅಕ್ಷರದ ಮಾತು ಬಂದಾಗ ಮಾತ್ರ ಕೈ ಹಿಂದಕ್ಕೆ! 2009ರ ಶಿಕ್ಷಣ ಹಕ್ಕಿನ ಕಾಯಿದೆ 6 ತುಂಬಿದ ಮಗುವಿಗೆ ಶಾಲೆ ಕೊಡಲೇಬೇಕೆಂದಿತು. 3ರಿಂದ 6ರ ಮಗುವಿಗೆ ಸರ್ಕಾರ ಏರ್ಪಾಡು 'ಮಾಡಬಹುದು' ಎಂದಷ್ಟೇ ಬರೆಯಿತು. ಆ 'ಬಹುದು' ಎಂಬ ಸಂದಿಯಲ್ಲೇ ಶುಲ್ಕದ ನರ್ಸರಿಗಳು ನುಗ್ಗಿವೆ.

ತಾಯಿಯ ಮಡಿಲಿಗೆ ಸಮನಾದುದಿಲ್ಲ, ನಿಜ. ಆದರೆ ಮಡಿಲಿಗೆ ಬಿಡುವು ಬೇಡವೇ? ಅಂಗನವಾಡಿಯ ಬಾಗಿಲು ಗಿರಣಿಯ ಪಾಳಿಗೆ ಮೊದಲೇ ತೆರೆಯಲಿ, ಮಗ್ಗ ನಿಂತ ಮೇಲೆ ಮುಚ್ಚಲಿ. ಕಾರ್ಯಕರ್ತೆಗೆ ಗೌರವಧನವಲ್ಲ, ಸಂಬಳ ಸಿಗಲಿ. ಕಾಯಿದೆಯ 'ಬಹುದು' 'ಬೇಕು' ಆಗಲಿ.

ಬಂಧುಗಳೇ, ಮಗುವನ್ನು ಎಲ್ಲಿ ಬಿಡುವುದೆಂದು ಒಬ್ಬೊಬ್ಬರೇ ಕೊರಗಿದ್ದು ಸಾಕು; ಒಟ್ಟಾಗಿ ಕೇಳೋಣ.